ಸಾವಯವ ದ್ರಾಕ್ಷಿ, ಸಹಜ ವೈನ್: ಸಣ್ಣ ರೈತರಿಗೊಂದು ಪಾಠ

(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ದ್ರಾಕ್ಷಿ ಬಗ್ಗೆ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ಹೇಳಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಭಾಷಣಕಾರನಲ್ಲ. ಓದಿ, ಕೇಳಿ ತಿಳಿದದ್ದನ್ನು ನಮ್ಮ ತೋಟಕ್ಕೆ ಹೊಂದಿಸಿ ಹೇಳುತ್ತೇನೆ.

ವೈನ್ ಎಂದ ಕೂಡಲೇ ತಾಯಂದಿರು ಮುಖ ಗಂಟಿಕ್ಕಿಕೊಂಡರೆ ತಪ್ಪಿಲ್ಲ. ಕುಡಿತ ಎಷ್ಟು ಮನೆ ಕೆಡಿಸಿದೆ ಅನ್ನೋದು ನಮಗೆಲ್ಲ ಗೊತ್ತು. ಕುಡಿಯಿರಿ ಎಂದು ಹೇಳಲು ನಾನು ನಿಂತಿಲ್ಲ. ಔಷಧಿ ಹೊಡೆಯದೆ ಹಣ್ಣು ಬೆಳೆದು, ಏನೂ ಬೆರೆಸದೆ ವೈನ್ ಮಾಡುವ ಸಣ್ಣ ರೈತರ ತೋಟದಿಂದ ನಾವು ಕಲಿಯಬೇಕಾದ್ದು ಒಂದಿದೆ. ಅದಕ್ಕೇ ಈ ಮಾತು.

ಫ್ರಾನ್ಸ್ ದೇಶದಲ್ಲಿ ಬೋಜೊಲೆ ಎಂಬ ದ್ರಾಕ್ಷಿ ಸೀಮೆ ಇದೆ. ಅಲ್ಲಿ ಮೊರ್ಗೊನ್ ಭಾಗದ ಮಾರ್ಸೆಲ್ ಲಾಪಿಯರ್ ಎಂಬುವರು 1973ರಲ್ಲಿ ತಂದೆಯ ತೋಟ ವಹಿಸಿಕೊಂಡರು. ಆ ಕಾಲಕ್ಕೆ ಅಲ್ಲೂ ರಾಸಾಯನಿಕ ಗೊಬ್ಬರ, ಕಳೆನಾಶಕ ಎಲ್ಲ ಮಾಮೂಲು. ತೊಟ್ಟಿಗೆ ಸಕ್ಕರೆ ಸುರಿಯುವುದು, ಪೊಟ್ಟಣದ ಈಸ್ಟ್ ಹಾಕುವುದು, ಕೆಡದಂತೆ ಗಂಧಕದ ಅಂಶ ಸೇರಿಸುವುದು ರೂಢಿಯಾಗಿತ್ತು. 1981ರ ಹೊತ್ತಿಗೆ ಅವರಿಗೆ ಜೂಲ್ ಶೊವೆ ಎಂಬ ಹಿರಿಯರ ಮಾರ್ಗದರ್ಶನ ಸಿಕ್ಕಿತು. ಶೊವೆ ವೈನ್ ವ್ಯಾಪಾರಿ, ರಸಾಯನ ಶಾಸ್ತ್ರವನ್ನೂ ಬಲ್ಲವರು. ಹಣ್ಣು ಚೊಕ್ಕಟವಾಗಿದ್ದರೆ ಇದ್ಯಾವುದೂ ಬೇಕಿಲ್ಲ ಎಂಬುದು ಅವರ ಪಾಠ. ಲಾಪಿಯರ್ 2010ರಲ್ಲಿ ತೀರಿಕೊಂಡರು. ಅವರ ಮಕ್ಕಳು ಅದೇ ದಾರಿಯಲ್ಲಿ ತೋಟ ನಡೆಸಿಕೊಂಡು ಬಂದಿದ್ದಾರೆ.

ಅದು ಹೇಗೆ ಸಾಧ್ಯ ಅಂತೀರಾ? ನಮ್ಮ ಹೆಣ್ಣುಮಕ್ಕಳು ರಾತ್ರಿ ದೋಸೆ ಹಿಟ್ಟು ರುಬ್ಬಿಟ್ಟರೆ ಬೆಳಿಗ್ಗೆಗೆ ತಾನೇ ಉಬ್ಬಿರುತ್ತದೆ. ಅದಕ್ಕೆ ಯಾರೂ ಪೇಟೆಯಿಂದ ಈಸ್ಟ್ ತರುವುದಿಲ್ಲ. ದ್ರಾಕ್ಷಿಯೂ ಹಾಗೆಯೇ. ಹಣ್ಣಿನ ಸಿಪ್ಪೆಯ ಮೇಲೆ, ತೊಟ್ಟಿ ಇರುವ ಮನೆಯಲ್ಲಿ, ಕಣ್ಣಿಗೆ ಕಾಣದ ಈಸ್ಟ್ ಇದ್ದೇ ಇರುತ್ತದೆ. ಅದು ಹಣ್ಣಿನ ಸಕ್ಕರೆ ತಿಂದು ಹುಳಿ ಬರಿಸುತ್ತದೆ. ಆದರೆ ಪಾತ್ರೆ ಕೊಳಕಾಗಿದ್ದರೆ ಹಿಟ್ಟು ಕೆಡುವಂತೆ, ಕೊಳೆತ ನಾಲ್ಕು ಗೊಂಚಲು ಸೇರಿದರೆ ಇಡೀ ತೊಟ್ಟಿ ವಿನೆಗರ್ ಆಗಬಹುದು. ಅದಕ್ಕೇ ಅವರು ಚೆನ್ನಾಗಿ ಮಾಗಿದ ಮೇಲೆ ಕೈಯಿಂದಲೇ ಕೊಯ್ದು, ಕೆಟ್ಟ ಹಣ್ಣನ್ನು ಆರಿಸಿ ಬಿಸಾಡಿ, ಗೊಂಚಲನ್ನು ಜಜ್ಜದೆ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ.

ಏನೂ ಹಾಕದಿರುವುದು ಎಂದರೆ ಏನೂ ಮಾಡದಿರುವುದಲ್ಲ. ತೊಟ್ಟಿಯಲ್ಲಿ ಬಿಟ್ಟ ಕೆಲಸವನ್ನೆಲ್ಲ ತೋಟದಲ್ಲಿ ಮಾಡಬೇಕು. ಗಾಳಿ ಬೆಳಕು ಆಡುವಂತೆ ಎಲೆ ತೆಗೆಯಬೇಕು, ಕಳೆಯನ್ನು ಕೈಯಲ್ಲಿ ತೆಗೆಯಬೇಕು, ದಿನಾ ಸಾಲು ತಿರುಗಿ ನೋಡಬೇಕು. ಸಾವಯವ ತೋಟದಲ್ಲೂ ಸಿಂಪರಣೆ ಇದ್ದೇ ಇದೆ. ನಾವು ಕಲಸುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ 1885ರಲ್ಲಿ ಅದೇ ಫ್ರಾನ್ಸಿನಿಂದ ಬಂದದ್ದು. ಆದರೆ ತಾಮ್ರ ಮಣ್ಣಿನಲ್ಲಿ ಉಳಿದುಬಿಡುತ್ತದೆ ಎಂದು ಯೂರೋಪಿನಲ್ಲಿ ಹೆಕ್ಟೇರಿಗೆ 7 ವರ್ಷಕ್ಕೆ 28 ಕಿಲೋ ತಾಮ್ರ ಮೀರಬಾರದೆಂಬ ಮಿತಿ ಇದೆ.

ಇನ್ನೊಂದು ಮಾತು ಗಮನಿಸಿ. ವೈನ್ ತೊಟ್ಟಿಗೆ ಹಾಕುವ ಹಣ್ಣನ್ನು ತೊಳೆಯುವುದಿಲ್ಲ. ಸಿಪ್ಪೆಯ ಮೇಲಿದ್ದದ್ದೆಲ್ಲ ಒಳಗೆ ಹೋಗುತ್ತದೆ. ನಮ್ಮ ಚಪ್ಪರದ ಗೊಂಚಲನ್ನು ತೊಳೆಯದೆ ಮೊಮ್ಮಗುವಿನ ಕೈಗೆ ಕೊಡಲು ನಮಗೆ ಧೈರ್ಯ ಇದೆಯೇ? ಇದೇ ನಿಜವಾದ ಪರೀಕ್ಷೆ. 2010ರಲ್ಲಿ ನಮ್ಮ ದೇಶದಿಂದ ಯೂರೋಪಿಗೆ ಹೋದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್, ಅಂದರೆ ನಾವು ಸಿ.ಸಿ.ಸಿ. ಅನ್ನುವ ಔಷಧಿಯ ಶೇಷ ಸಿಕ್ಕಿ, ರಫ್ತಿಗೆ ದೊಡ್ಡ ಪೆಟ್ಟು ಬಿತ್ತು. ಕಣ್ಣಿಗೆ ಕಾಣದ್ದು ಲೆಕ್ಕಕ್ಕಿಲ್ಲ ಅನ್ನುವ ಕಾಲ ಹೋಯಿತು.

ನಮ್ಮದು ಬೆಂಗಳೂರು ನೀಲಿ ದ್ರಾಕ್ಷಿ. ದಪ್ಪ ಸಿಪ್ಪೆ, ಒಳ್ಳೇ ವಾಸನೆ. ಥಾಮ್ಸನ್ ತಳಿಗಿಂತ ರೋಗ ತಡೆಯುವ ಶಕ್ತಿ ಹೆಚ್ಚು. ಭೌಗೋಳಿಕ ಗುರುತಿನ ಮಾನ್ಯತೆಯೂ ಇದಕ್ಕಿದೆ. ಹಾಗಂತ ನಾಳೆಯೇ ಹಿತ್ತಲಲ್ಲಿ ವೈನ್ ತೊಟ್ಟಿ ಕಟ್ಟಿ ಎಂದು ನಾನು ಹೇಳುವುದಿಲ್ಲ. ನಮ್ಮ ಸರ್ಕಾರ 2007ರಲ್ಲಿ ವೈನ್ ನೀತಿ ತಂದಿದೆ ನಿಜ, ಆದರೆ ಅಬಕಾರಿ ಪರವಾನಗಿ ಇಲ್ಲದೆ ಮಾಡಿ ಮಾರುವುದು ಅಪರಾಧ. ಜೊತೆಗೆ ನಮ್ಮ ತಳಿಯಲ್ಲಿ ವೈನ್ ತಳಿಗಳಿಗಿಂತ ಸಕ್ಕರೆ ಅಂಶ ಕಡಿಮೆ. ಮೊದಲು ಆಗಬೇಕಾದ್ದು ಚೊಕ್ಕ ಹಣ್ಣು. ಹಣ್ಣು ಚೊಕ್ಕವಾದರೆ ಅದು ರಸಕ್ಕೂ ಆಯಿತು, ಜಾಮಿಗೂ ಆಯಿತು, ಪರವಾನಗಿ ಇರುವ ವೈನ್ ಘಟಕಕ್ಕೂ ಆಯಿತು.

ಕಷ್ಟವನ್ನೂ ಹೇಳಿಬಿಡುತ್ತೇನೆ. ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆ ಸಾವಯವ ಎನಿಸಿಕೊಳ್ಳಲು ಸಾಮಾನ್ಯವಾಗಿ 3 ವರ್ಷ ಬೇಕು. ಆರಂಭದಲ್ಲಿ ಇಳುವರಿ ಇಳಿಯಬಹುದು. ಮಂಡಿಯಲ್ಲಿ ಈ ಹಣ್ಣಿಗೆ ತಾನಾಗಿ ಒಂದು ರೂಪಾಯಿ ಹೆಚ್ಚು ಸಿಗುವುದಿಲ್ಲ. ಪಕ್ಕದ ತೋಟದ ಔಷಧಿ ಗಾಳಿಯಲ್ಲಿ ಹಾರಿ ಬಂದರೆ ಒಬ್ಬನ ವ್ರತ ಕೆಟ್ಟಂತೆಯೇ. ಆದ್ದರಿಂದ ಇದು ಒಬ್ಬರಿಂದ ಆಗುವ ಕೆಲಸವಲ್ಲ.

ಫ್ರಾನ್ಸಿನ ಮರೊಸ್ಸಾನ್ ಊರಿನ ಸಣ್ಣ ದ್ರಾಕ್ಷಿ ರೈತರು 1901ರಲ್ಲೇ ಸಹಕಾರ ಸಂಘ ಕಟ್ಟಿ ತಮ್ಮ ವೈನನ್ನು ತಾವೇ ಮಾರಿದರು. ನಮ್ಮ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದರು. ದೇಶ ಬೇರೆ, ರೈತನ ಸಂಕಟ ಒಂದೇ.

ಸದಸ್ಯರ ಮುಂದೆ ನನ್ನದೊಂದು ಸಲಹೆ. ಅಕ್ಕಪಕ್ಕದ ಐದು ಜನ ತಲಾ ಹತ್ತು ಗುಂಟೆ ಬಿಡಿ. ಪಿ.ಜಿ.ಎಸ್. ಪದ್ಧತಿಯಲ್ಲಿ ರೈತರ ಗುಂಪೇ ಒಬ್ಬರ ತೋಟವನ್ನು ಒಬ್ಬರು ನೋಡಿ ಸಾವಯವ ಎಂದು ಖಾತ್ರಿ ಮಾಡುವ ಅವಕಾಶವಿದೆ. ಏನು ಹಾಕಿದೆವು, ಯಾವತ್ತು ಹಾಕಿದೆವು ಎಂಬ ಪುಸ್ತಕವನ್ನು ಸಂಘದಲ್ಲಿಡೋಣ. ಯಾರು ಬೇಕಾದರೂ ಬಂದು ನೋಡಲಿ. ಉಳಿದ ತೋಟದ ಮೇಲೆ ಸಂಸಾರ ನಡೆಯಲಿ, ಈ ಹತ್ತು ಗುಂಟೆ ಪಾಠಶಾಲೆಯಾಗಲಿ. ಮೂರು ವರ್ಷದ ಮೇಲೆ ಖರ್ಚು ಎಷ್ಟು, ಫಸಲು ಎಷ್ಟು ಎಂದು ಮಹಾಸಭೆಯಲ್ಲಿ ಲೆಕ್ಕ ಇಟ್ಟು ಮುಂದಿನ ತೀರ್ಮಾನ ಮಾಡೋಣ.

ಇಪ್ಪತ್ತೈದು ವರ್ಷ ಸಂಘ ನಿಂತಿರುವುದು ನಂಬಿಕೆಯ ಮೇಲೆ. ಆ ನಂಬಿಕೆ ನಾವು ಬೆಳೆಯುವ ಹಣ್ಣಿನ ಮೇಲೂ ಬರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ! ಜೈ ಕರ್ನಾಟಕ!