ವಾಲ್ಟರ್ ಕಾಫ್‌ಮನ್: ಒಂದು ಟ್ಯೂನಿನಾಚೆ



ಆಕಾಶವಾಣಿಯ ಬೆಳಗಿನ ಪ್ರಸಾರ ಶುರುವಾಗುವಾಗ ತಂಬೂರಿಯ ಶ್ರುತಿಯ ಮೇಲೆ ಪಿಟೀಲು ತೇಲಿಬರುವ ಆ ಪುಟ್ಟ ಟ್ಯೂನ್ ನಿಮಗೆಲ್ಲ ಗೊತ್ತು. ಶಿವರಂಜಿನಿಯ ಛಾಯೆಯಿರುವ ಅದನ್ನು 1936ರ ಸುಮಾರಿಗೆ ಕಟ್ಟಿದವರು ವಾಲ್ಟರ್ ಕಾಫ್‌ಮನ್ ಎಂದು ಹೇಳುವುದು ವಾಡಿಕೆ. ಬೇರೆ ಹೆಸರುಗಳನ್ನು ಮುಂದಿಡುವವರೂ ಇದ್ದಾರೆ. ನನಗೆ ಆ ವ್ಯಾಜ್ಯದಲ್ಲಿ ಹೆಚ್ಚು ಆಸಕ್ತಿಯಿಲ್ಲ. ಕೆಲವೇ ಕ್ಷಣಗಳ ಆ ಟ್ಯೂನು ಈ ಮನುಷ್ಯನ ಐವತ್ತು ವರ್ಷಗಳ ದುಡಿಮೆಯನ್ನೇ ಮರೆಸಿಬಿಟ್ಟಿದೆ, ನನ್ನ ತಕರಾರು ಅದು.

ಕಾಫ್‌ಮನ್ ಹುಟ್ಟಿದ್ದು 1907ರಲ್ಲಿ, ಬೊಹೀಮಿಯಾದ ಕಾರ್ಲ್ಸ್‌ಬಾಡ್‌ನಲ್ಲಿ. ಅದು ಈಗ ಚೆಕ್ ದೇಶದಲ್ಲಿದೆ, ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಊರು. ಮನೆಮಾತು ಜರ್ಮನ್, ಧರ್ಮದಿಂದ ಯಹೂದಿ. ಬರ್ಲಿನ್ನಿಗೆ ಹೋಗಿ ಫ್ರಾಂಟ್ಸ್ ಶ್ರೇಕರ್ ಬಳಿ ಸಂಗೀತ ರಚನೆ ಕಲಿತರು. ಅಲ್ಲಿ ಸಿಕ್ಕ ಇನ್ನೊಬ್ಬ ಗುರು ಕರ್ಟ್ ಸ್ಯಾಕ್ಸ್. ಭಾರತ ಮತ್ತು ಇಂಡೊನೇಷ್ಯಾದ ವಾದ್ಯಗಳ ಮೇಲೆ 1915ರಷ್ಟು ಹಿಂದೆಯೇ ಪುಸ್ತಕ ಬರೆದಿದ್ದ ವಿದ್ವಾಂಸ ಅವರು. ಆಮೇಲೆ ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿನ ಅಭ್ಯಾಸ. ಅಲ್ಲಿನ ಪ್ರಾಧ್ಯಾಪಕ ಗುಸ್ತಾವ್ ಬೆಕಿಂಗ್ ನಾತ್ಸಿಗಳ ಜೊತೆಗಾರ ಎಂದು ತಿಳಿದ ಮೇಲೆ ಕಾಫ್‌ಮನ್ ಆ ಪದವಿಯೇ ಬೇಡವೆಂದರು. ಕೈಗೆ ಬಂದ ಪದವಿಯನ್ನು ಹೀಗೆ ಬಿಡುವವರು ಯಾವ ಕಾಲದಲ್ಲೂ ವಿರಳ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಸ್ಯಾಕ್ಸ್ ಕೆಲಸ ಕಳೆದುಕೊಂಡರು. ಶ್ರೇಕರ್ ಅವರನ್ನು ಅಷ್ಟರಲ್ಲಾಗಲೇ ಹುದ್ದೆಯಿಂದ ಹೊರದೂಡಲಾಗಿತ್ತು, ಮರುವರ್ಷ ಅವರು ತೀರಿಕೊಂಡರು. 1934ರಲ್ಲಿ ಕಾಫ್‌ಮನ್ ಮುಂಬಯಿಗೆ ಬಂದಿಳಿದರು. ಭಾರತವೇ ಏಕೆ ಎಂದರೆ, ವೀಸಾ ಸುಲಭವಾಗಿ ಸಿಕ್ಕಿತು ಎಂಬುದು ಅವರ ಉತ್ತರ. ಅಧ್ಯಾತ್ಮದ ಸೆಳೆತ, ಪೂರ್ವಜನ್ಮದ ನಂಟು ಎಂಬ ಮಾತೆಲ್ಲ ಅಲ್ಲಿಲ್ಲ.

ಅವರು ಮೊದಲು ಕೇಳಿದ ನಮ್ಮ ಸಂಗೀತದ ಗ್ರಾಮಫೋನ್ ತಟ್ಟೆಗಳು ಕಿವಿಗೆ ಒಗ್ಗಲಿಲ್ಲ, ತಲೆಗೂ ಹತ್ತಲಿಲ್ಲ. ಆದರೆ ಅವರು ಯೋಚಿಸಿದ ರೀತಿ ನೋಡಿ: ಹೃದಯವೂ ಬುದ್ಧಿಯೂ ಇರುವ ಜನ ಕಟ್ಟಿದ ಸಂಗೀತ ಇದು, ಕೋಟ್ಯಂತರ ಮಂದಿ ಇದನ್ನು ಪ್ರೀತಿಸುತ್ತಾರೆ, ಹಾಗಾದರೆ ಕೊರತೆ ಇರುವುದು ನನ್ನಲ್ಲೇ. ಅದನ್ನು ತುಂಬಿಕೊಳ್ಳಲು ಈ ಸಂಗೀತ ಹುಟ್ಟಿದ ನಾಡಿನಲ್ಲೇ ಇರಬೇಕು. ಅಂದಿನ ಯುರೋಪಿನ ಪಂಡಿತನೊಬ್ಬ ಹೀಗೆ ಯೋಚಿಸಿದ್ದು ಸಣ್ಣ ಸಂಗತಿಯಲ್ಲ.

ಬಂದ ಕೆಲವೇ ತಿಂಗಳಲ್ಲಿ ಅವರು ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಕಟ್ಟಿದರು. ಪಿಯಾನೋಗೆ ತಾವೇ ಕೂರುತ್ತಿದ್ದರು. ಪಿಟೀಲಿಗೆ ಮೆಹ್ಲಿ ಮೆಹ್ತಾ, ಅಂದರೆ ಮುಂದೆ ಲೋಕಪ್ರಸಿದ್ಧರಾದ ಜುಬಿನ್ ಮೆಹ್ತಾರ ತಂದೆ. ಮೊದಲ ಮೂರು ವರ್ಷದೊಳಗೆ 130ಕ್ಕೂ ಹೆಚ್ಚು ಕಛೇರಿಗಳಾದವು. 1937ರಲ್ಲಿ ಆಲ್ ಇಂಡಿಯಾ ರೇಡಿಯೋದ ಮುಂಬಯಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತರು. ಮರುವರ್ಷ ರೇಡಿಯೋಗೆಂದೇ ‘ಅನಸೂಯಾ’ ಎಂಬ ಗೀತನಾಟಕ ರಚಿಸಿದರು. ನಿರ್ದೇಶಕ ಮೋಹನ್ ಭವನಾನಿಯವರ ಚಲನಚಿತ್ರಗಳಿಗೂ ಕೆಲಸ ಮಾಡಿದರು. ಇಷ್ಟೆಲ್ಲದರ ನಡುವೆಯೂ ಗೊಂಡ, ಬೈಗಾ ಬುಡಕಟ್ಟು ಜನರ ಹಾಡುಗಳನ್ನು ಕೇಳಿ, ಸ್ವರ ಹಾಕಿ, 1941ರಲ್ಲಿ ಲೇಖನ ಪ್ರಕಟಿಸಿದರು. ನಮ್ಮ ಶಾಸ್ತ್ರೀಯ ವಿದ್ವಾಂಸರಲ್ಲಿ ಎಷ್ಟು ಮಂದಿ ಆಗ ಕಾಡಿನ ಹಾಡಿಗೆ ಕಿವಿಗೊಟ್ಟಿದ್ದರು?

1946ರಲ್ಲಿ ಭಾರತ ಬಿಟ್ಟರು. ಲಂಡನ್, ಆಮೇಲೆ ಕೆನಡಾ. 1948ರಿಂದ ಸುಮಾರು ಒಂಬತ್ತು ವರ್ಷ ವಿನಿಪೆಗ್ ಸಿಂಫನಿ ವಾದ್ಯವೃಂದ ನಡೆಸಿ, 1957ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು. ಹದಿಮೂರನ್ನೂ ಮುಟ್ಟದ ಮುಂಬಯಿಯ ವರ್ಷಗಳ ಕೇಳ್ಮೆ ಪುಸ್ತಕವಾದದ್ದು ಅಲ್ಲಿ. 1968ರಲ್ಲಿ ಉತ್ತರ ಭಾರತದ ರಾಗಗಳ ಗ್ರಂಥ. 1976ರಲ್ಲಿ ದಕ್ಷಿಣದ ರಾಗಗಳದು. ಎಪ್ಪತ್ತೆರಡು ಮೇಳಗಳ ಚೌಕಟ್ಟಿನಲ್ಲಿ ಜನ್ಯರಾಗಗಳ ಆರೋಹಣ ಅವರೋಹಣಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಜೋಡಿಸಿದ ದಪ್ಪ ಹೊತ್ತಿಗೆ. ನಿಜ ಹೇಳಬೇಕೆಂದರೆ, ಅದನ್ನು ಓದಿ ಯಾರೂ ತೋಡಿ ಹಾಡಲಾರರು. ಗಮಕವಿಲ್ಲದ ತೋಡಿ ತೋಡಿಯೇ ಅಲ್ಲ, ಐದು ಗೆರೆಗಳ ನಡುವೆ ಗಮಕ ನಿಲ್ಲುವುದೂ ಇಲ್ಲ. ಅದು ಹಾಡುಗಾರನ ಪುಸ್ತಕವಲ್ಲ, ಒಂದು ಪಟ್ಟಿ. ಪಟ್ಟಿಯಾಗಿ ನೋಡಿದರೆ ಅದರ ಹಿಂದಿನ ತಾಳ್ಮೆಗೆ ತಲೆಬಾಗಲೇಬೇಕು. ಟಿಬೆಟಿನ ಬೌದ್ಧ ಪಠಣ, ಪೂರ್ವದೇಶಗಳ ಸ್ವರಲಿಪಿಗಳು, ಚೀನಾದ ಪ್ರಾಚೀನ ಗ್ರಂಥಗಳಲ್ಲಿ ಸಂಗೀತ, ಇವುಗಳ ಮೇಲೂ ಬರೆದರು. 1984ರಲ್ಲಿ ಬ್ಲೂಮಿಂಗ್ಟನ್‌ನಲ್ಲಿ ತೀರಿಕೊಂಡರು.

ವಿದ್ವತ್ತಿಗೆ ಇಷ್ಟಾದರೂ ಮನ್ನಣೆ ಸಿಕ್ಕಿತು. ಅವರೊಳಗಿನ ರಚನಕಾರನಿಗೆ ಅದೂ ಇಲ್ಲ. ಸಿಂಫನಿ, ಅಪೆರಾ, ತಂತಿವಾದ್ಯಗಳ ಚತುಷ್ಕಗಳು ಹೆಚ್ಚಾಗಿ ಹಸ್ತಪ್ರತಿಯಲ್ಲೇ ಉಳಿದವು. ಕೆನಡಾದ ಎಆರ್‌ಸಿ ಆನ್ಸಾಂಬಲ್ ತಂಡ ಅವರ ಕೆಲವು ಕೃತಿಗಳ ಧ್ವನಿಮುದ್ರಿಕೆ ಹೊರತಂದದ್ದು 2020ರಲ್ಲಿ, ಅವರು ಸತ್ತು ಮೂವತ್ತಾರು ವರ್ಷಗಳ ಮೇಲೆ. ಅದರಲ್ಲಿ ಮುಂಬಯಿ ಕಾಲದ ಹನ್ನೊಂದನೆಯ ಚತುಷ್ಕ ಇದೆ. ರಾಗ ಬಲ್ಲ ನಮ್ಮ ಕೇಳುಗರು, ಅದರಲ್ಲೂ ಸಂಗೀತ ಕಲಿಯುತ್ತಿರುವ ಹುಡುಗ ಹುಡುಗಿಯರು, ಅದನ್ನೊಮ್ಮೆ ಹುಡುಕಿ ಕೇಳಬೇಕೆಂದು ನನ್ನ ಕೋರಿಕೆ.