ಬಸ್ಸು, ನೀರು, ಕಸ: ಪುಣೆಯ ಚುನಾವಣೆ ಕೇಳದೆ ಬಿಟ್ಟ ಪ್ರಶ್ನೆ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಪುಣೆ ಮಹಾನಗರಪಾಲಿಕೆಗೆ 2026ರ ಜನವರಿ 15ರಂದು ಮತದಾನ ನಡೆಯಿತು. ಪ್ರಚಾರದ ಕಾವಿನಲ್ಲಿ ಸಾರ್ವಜನಿಕ ಸೇವೆಗಳ ಖಾಸಗೀಕರಣವನ್ನು ಕುರಿತು ಮಾತನಾಡುವುದು ನನಗೆ ಉಚಿತವಾಗಿರಲಿಲ್ಲ. ನಾನು ಕೇಂದ್ರ ಸರಕಾರದ ನೌಕರ. 1964ರ ನಡತೆ ನಿಯಮಗಳು ಮತ ಹಾಕುವ ಹಕ್ಕೊಂದನ್ನು ನನಗುಳಿಸಿ, ಪ್ರಚಾರದಿಂದ ದೂರವಿರಿಸುತ್ತವೆ. ಈಗಲೂ ಯಾವ ಪಕ್ಷದ ಹೆಸರನ್ನೂ ಎತ್ತುವುದಿಲ್ಲ. ವಿಷಯಕ್ಕೆ ಅದರ ಅವಶ್ಯಕತೆಯೂ ಇಲ್ಲ.

ಪ್ರಚಾರದಲ್ಲಿ ಕೇಳಿಬಂದ ದೊಡ್ಡ ಭರವಸೆಗಳಲ್ಲೊಂದು ಬಸ್ಸು ಮತ್ತು ಮೆಟ್ರೋಗಳಲ್ಲಿ ಉಚಿತ ಪ್ರಯಾಣ. ಟಿಕೇಟಿನ ಬೆಲೆಯ ಬಗ್ಗೆ ವಾದ-ಪ್ರತಿವಾದಗಳಾದವು. ಆದರೆ ಬಸ್ಸು ಯಾರದು ಎಂಬ ಪ್ರಶ್ನೆ, ನನ್ನ ಕಿವಿಗೆ ಬಿದ್ದಷ್ಟರಲ್ಲಿ, ಯಾವ ವೇದಿಕೆಯಿಂದಲೂ ಬರಲಿಲ್ಲ. ಪುಣೆ ಮತ್ತು ಪಿಂಪ್ರಿ-ಚಿಂಚವಡದ ಎರಡು ಸಾರಿಗೆ ಸಂಸ್ಥೆಗಳನ್ನು ಕೂಡಿಸಿ 2007ರಲ್ಲಿ ಪಿ.ಎಂ.ಪಿ.ಎಂ.ಎಲ್. ರಚಿತವಾಯಿತು. ಅದರ ಬಸ್ಸುಗಳಲ್ಲಿ ದೊಡ್ಡ ಪಾಲು ಖಾಸಗಿ ಗುತ್ತಿಗೆದಾರರದು. ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಅವರಿಗೆ ಹಣ ಸಲ್ಲುತ್ತದೆ. 2023ರ ಮಾರ್ಚಿನಲ್ಲಿ ಬಾಕಿ ಬರಲಿಲ್ಲವೆಂದು ಗುತ್ತಿಗೆದಾರರು ಬಸ್ಸುಗಳನ್ನು ನಿಲ್ಲಿಸಿದಾಗ ಮಾತ್ರ ನಿಲ್ದಾಣದಲ್ಲಿ ನಿಂತಿದ್ದ ಪ್ರಯಾಣಿಕನಿಗೆ, ತಾನು ಸರಕಾರಿ ಬಸ್ಸೆಂದು ನಂಬಿದ್ದು ಬಾಡಿಗೆಯ ಬಸ್ಸೆಂಬುದು ತಿಳಿಯಿತು. ಪ್ರಯಾಣವನ್ನು ಉಚಿತಗೊಳಿಸಿದರೆ ಗುತ್ತಿಗೆದಾರನ ಕಿಲೋಮೀಟರು ಉಚಿತವಾಗುವುದಿಲ್ಲವಲ್ಲ!

ಮೆಟ್ರೋವನ್ನೇ ನೋಡಿ. 2022ರ ಮಾರ್ಚಿನಲ್ಲಿ ಆರಂಭವಾದ ಎರಡು ಮಾರ್ಗಗಳು ಕೇಂದ್ರ ಮತ್ತು ರಾಜ್ಯ ಸರಕಾರಗಳ ಜಂಟಿ ಸಂಸ್ಥೆಯಾದ ಮಹಾಮೆಟ್ರೋದವು. ಹಿಂಜೆವಾಡಿಯಿಂದ ಶಿವಾಜಿನಗರದವರೆಗಿನ ಸುಮಾರು 23 ಕಿಲೋಮೀಟರಿನ ಮೂರನೆಯ ಮಾರ್ಗವನ್ನು 35 ವರ್ಷಗಳ ಒಪ್ಪಂದದ ಮೇಲೆ ಟಾಟಾ-ಸೀಮೆನ್ಸ್ ಕೂಟಕ್ಕೆ ವಹಿಸಲಾಯಿತು. ಒಂದೇ ಊರಿನಲ್ಲಿ ಎರಡು ಮಾದರಿಗಳು. ಹೋಲಿಸಿ ನೋಡುವ ಇಂಥ ಅವಕಾಶ ಬೇರೆ ನಗರಗಳಿಗೆ ಸುಲಭವಾಗಿ ಸಿಕ್ಕುವುದಿಲ್ಲ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ನೀರಿನ ಬಳಿ. ಖಡಕವಾಸಲಾದ ಜಲಾಶಯಕ್ಕೆ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದವರು ನಮ್ಮ ವಿಶ್ವೇಶ್ವರಯ್ಯನವರು. ಆಗ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ಇಂಜಿನಿಯರರು. ಉದ್ಯಮಗಳ ಬೆಳವಣಿಗೆಗೆ ಅವರಷ್ಟು ದುಡಿದವರು ವಿರಳ. ಆದರೂ ಅವರ ನೀರಿನ ಕೆಲಸಗಳೆಲ್ಲ ಸರಕಾರದ ಆಶ್ರಯದಲ್ಲೇ ಆದವು. ಆ ಜಲಾಶಯದ ಮಗ್ಗುಲಲ್ಲೇ ಇರುವ ಕಿರ್ಕಟವಾಡಿ, ನಾಂದೇಡ ಮೊದಲಾದ ಗ್ರಾಮಗಳು 2021ರಲ್ಲಿ ಮಹಾನಗರಪಾಲಿಕೆಗೆ ಸೇರಿದವು. ತೆರಿಗೆಯ ವ್ಯಾಪ್ತಿ ಬೇಗ ಬಂತು, ಶುದ್ಧೀಕರಿಸಿದ ನೀರು ಅಷ್ಟು ಬೇಗ ಬರಲಿಲ್ಲ. ನಡುವಿನ ತೆರವನ್ನು ಟ್ಯಾಂಕರುಗಳೂ ಇಪ್ಪತ್ತು ಲೀಟರಿನ ಕ್ಯಾನುಗಳೂ ತುಂಬಿದವು. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಈ ಭಾಗದಲ್ಲಿ ಗಿಯಾನ್-ಬಾರೇ ಎಂಬ ನರರೋಗ ಹಬ್ಬಿತು. ಕೈಕಾಲುಗಳ ಶಕ್ತಿ ಉಡುಗಿದವರಲ್ಲಿ ಕೆಲವರು ಕೃತಕ ಉಸಿರಾಟದ ಯಂತ್ರಕ್ಕೆ ಸೇರಬೇಕಾಯಿತು, ಸಾವುಗಳೂ ಸಂಭವಿಸಿದವು. ಪರೀಕ್ಷೆಯಲ್ಲಿ ಹಲವು ಖಾಸಗಿ ಆರ್.ಓ. ಘಟಕಗಳ ನೀರು ಕುಡಿಯಲು ಅಯೋಗ್ಯವೆಂದು ಕಂಡುಬಂದು ಪಾಲಿಕೆ ಅವುಗಳಿಗೆ ಬೀಗ ಹಾಕಿತು. ನ್ಯಾಯವಾಗಿ ಹೇಳಬೇಕೆಂದರೆ, ಸಾರ್ವಜನಿಕ ಬಾವಿಯ ನೀರೂ ಸಂಶಯದಿಂದ ಹೊರತಾಗಿರಲಿಲ್ಲ.

ಇಲ್ಲಿ ಖಾಸಗೀಕರಣ ಯಾವ ಠರಾವಿನಿಂದ ಬಂತು? ಯಾವ ಸಭೆಯಲ್ಲಿ ಚರ್ಚೆಯಾಯಿತು? ಎಲ್ಲಿಯೂ ಇಲ್ಲ. ಪಾಲಿಕೆ ಹೋಗದ ಕಡೆಗೆ ಟ್ಯಾಂಕರು ಹೋಯಿತು, ಅಷ್ಟೆ. ಖಾಸಗೀಕರಣದ ಪರ-ವಿರೋಧವಾಗಿ ವಾದಿಸುವವರು ಸಾಮಾನ್ಯವಾಗಿ ಕರಾರು, ಟೆಂಡರು, ಕಂಪನಿಗಳನ್ನೇ ಕಣ್ಣ ಮುಂದಿರಿಸಿಕೊಂಡಿರುತ್ತಾರೆ. ನನ್ನ ದೃಷ್ಟಿಯಲ್ಲಿ ಕರಾರೇ ಇಲ್ಲದ ಈ ಖಾಸಗೀಕರಣ ಹೆಚ್ಚು ಅಪಾಯಕಾರಿಯಾದುದು. ಕರಾರಿದ್ದಲ್ಲಿ ಕೇಳಲು ಒಂದು ಕಾಗದವಾದರೂ ಇರುತ್ತದೆ.

ಕರಾರಿನ ಉದಾಹರಣೆ ಬೇಕೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಿವೆ. ಈ ಸಭೆಯಲ್ಲಿ ಅರ್ಧದಷ್ಟು ಮಂದಿಯ ತವರೂರುಗಳವು. ವಿಶ್ವಬ್ಯಾಂಕಿನ ನೆರವಿನಿಂದ, ಫ್ರಾನ್ಸಿನ ವಿಯೋಲಿಯಾ ಕಂಪನಿಯ ನಿರ್ವಹಣೆಯಲ್ಲಿ, 2008ರ ಹೊತ್ತಿಗೆ ಆಯ್ದ ಪ್ರಾಯೋಗಿಕ ವಲಯಗಳಲ್ಲಿ ದಿನದ 24 ಗಂಟೆಯೂ ನೀರು ಹರಿಯಿತು. ಹಲವು ದಿನಗಳಿಗೊಮ್ಮೆ ನಲ್ಲಿಯ ಮುಂದೆ ಕೊಡಗಳ ಸಾಲು ಹಿಡಿಯುತ್ತಿದ್ದ ಊರುಗಳಲ್ಲಿ ಇದು ಸಣ್ಣ ಸಾಧನೆಯಲ್ಲ. ಅದನ್ನು ಅಲ್ಲಗಳೆಯುವವರು ಆ ಬಡಾವಣೆಯ ಗೃಹಿಣಿಯರನ್ನು ಮೊದಲು ಕೇಳಲಿ. ಆಸ್ತಿ ಸಾರ್ವಜನಿಕವಾಗಿಯೇ ಉಳಿಯಿತು, ದರ ನಿಗದಿ ಕಂಪನಿಯ ಕೈಗೆ ಹೋಗಲಿಲ್ಲ. ಆದರೆ ಆ ವಲಯಗಳು ನಗರಗಳ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಉಳಿದ ಬಡಾವಣೆಗಳು ಬೇಲಿಯಾಚೆ ನಿಂತು ವರ್ಷಗಟ್ಟಲೆ ಕಾದವು. ಮಾದರಿಯನ್ನು ಸಾರ್ವತ್ರಿಕಗೊಳಿಸುವ ಹೊಣೆ ಕಂಪನಿಯದಾಗಿರಲಿಲ್ಲ, ಅದು ಸರಕಾರದ್ದು. ಕರಾರು ಗೆದ್ದಿತು, ಆಡಳಿತ ಹಿಂದೆ ಬಿದ್ದಿತು.

ಪುಣೆ ಪಾಲಿಕೆಯು ಬೇರೊಂದು ದಾರಿಯನ್ನೂ ಹಿಡಿದು ನೋಡಿದೆ. 24 ಗಂಟೆಯ ನೀರಿನ ಯೋಜನೆಗಾಗಿ 2017ರ ಜೂನಿನಲ್ಲಿ ಶೇಕಡಾ 7.59ರ ಬಡ್ಡಿಗೆ 200 ಕೋಟಿ ರೂಪಾಯಿಯ ಬಾಂಡುಗಳನ್ನು ತಾನೇ ಮಾರುಕಟ್ಟೆಗೆ ತಂದಿತು. ಹಣ ಖಾಸಗಿಯದು, ನಲ್ಲಿ ಪಾಲಿಕೆಯದು. ಕಸದ ವಿಷಯದಲ್ಲಂತೂ ಮೂರನೆಯದೇ ದಾರಿ: 2008ರಿಂದ ಮನೆಮನೆಯ ಕಸವನ್ನು ಸಂಗ್ರಹಿಸುತ್ತಿರುವ ‘ಸ್ವಚ್ಛ’ ಚಿಂದಿ ಆಯುವವರದೇ ಸಹಕಾರಿ ಸಂಸ್ಥೆ, ಅದು ಸರಕಾರವೂ ಅಲ್ಲ, ಕಂಪನಿಯೂ ಅಲ್ಲ. ಅದರ ಒಪ್ಪಂದದ ಅವಧಿ 2020ರ ಕೊನೆಯಲ್ಲಿ ಮುಗಿದಾಗ ಕೆಲಸವನ್ನು ದೊಡ್ಡ ಗುತ್ತಿಗೆದಾರರಿಗೆ ಕೊಡುವ ಮಾತು ಎದ್ದಿತು. ನಿತ್ಯ ಬಾಗಿಲಿಗೆ ಬರುವ ಆ ಹೆಂಗಸರ ಹೊಟ್ಟೆಪಾಡು ಒಂದು ಕಾಗದದ ನವೀಕರಣಕ್ಕೆ ಜೋತುಬಿದ್ದಿತ್ತು.

ಇನ್ನೊಂದು ಸಂಗತಿ, ಅಧಿಕಾರಿಯಾಗಿ ನಾನು ಹೇಳಲೇಬೇಕಾದದ್ದು. 2022ರ ಮಾರ್ಚಿನಲ್ಲಿ ಹಿಂದಿನ ಸದಸ್ಯರ ಅವಧಿ ತೀರಿದ ಮೇಲೆ ಸುಮಾರು ನಾಲ್ಕು ವರ್ಷ ಪಾಲಿಕೆಯಲ್ಲಿ ನಗರಸೇವಕರೇ ಇರಲಿಲ್ಲ; ಆಡಳಿತಾಧಿಕಾರಿಯ ಆಳ್ವಿಕೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನೀರು, ನೈರ್ಮಲ್ಯ, ಕಸಗಳನ್ನು ನಗರಸಂಸ್ಥೆಗಳ ಕಾರ್ಯಕ್ಷೇತ್ರವೆಂದು ಗುರುತಿಸಿತು. ಇಲ್ಲಿಯಾದರೋ ಆ ಸಂಸ್ಥೆಯ ಚುನಾಯಿತ ಭಾಗವೇ ಖಾಲಿ. ಸ್ಥಾಯಿ ಸಮಿತಿಯಲ್ಲಿ ವಿರೋಧ ಪಕ್ಷದವನೊಬ್ಬ ಎದ್ದು ಕೇಳಬಹುದಾಗಿದ್ದ ಪ್ರಶ್ನೆಗೆ ಕಡತದಲ್ಲಿ ಸ್ಥಳವಿರುವುದಿಲ್ಲ. ಅಧಿಕಾರಿಗಳು ಪ್ರಾಮಾಣಿಕರಾಗಿದ್ದರೂ ಅಷ್ಟೆ. ನಮ್ಮ ವರ್ಗದವರಿಗೆ ಪ್ರಶ್ನೆ ಕೇಳುವವರಿಲ್ಲದ ಕೊಠಡಿ ಬಹಳ ಬೇಗ ಹಿಡಿಸುತ್ತದೆ. ಈಗ 165 ಸದಸ್ಯರು ಆರಿಸಿ ಬಂದಿದ್ದಾರೆ. ಆ ನಾಲ್ಕು ವರ್ಷಗಳಲ್ಲಿ ಸಹಿಯಾದ ದೀರ್ಘಾವಧಿಯ ಕರಾರುಗಳ ಪಟ್ಟಿಯನ್ನು ಸಭೆಯ ಮುಂದಿರಿಸಿರೆಂದು ಅವರು ಮೊದಲ ತಿಂಗಳುಗಳಲ್ಲೇ ಕೇಳಬೇಕಾಗಿತ್ತು. ಕೇಳಿರದಿದ್ದರೆ ನಾವು ಕೇಳಿಸಬೇಕು.

‘ನಾವು’ ಎಂದಾಗ ಒಂದು ತೊಡಕಿದೆ. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಈ ನಗರದ ಅಂಚಿನಲ್ಲಿ ಕಟ್ಟಡ ಕಟ್ಟುತ್ತಿರುವ ನಮ್ಮವರ ಹೆಸರು ಎಷ್ಟೋ ಸಲ ಊರಿನ ಮತದಾರರ ಪಟ್ಟಿಯಲ್ಲೇ ಉಳಿದಿರುತ್ತದೆ. ಅವರು ತಗಡಿನ ಷೆಡ್ಡಿನಲ್ಲಿದ್ದುಕೊಂಡು ಕುಡಿಯುವ ನೀರನ್ನು ಕ್ಯಾನಿನ ಲೆಕ್ಕದಲ್ಲಿ ಕೊಳ್ಳುತ್ತಾರೆ. ನಲ್ಲಿ ಇರುವ ನಮಗಿಂತ ಲೀಟರಿಗೆ ಹೆಚ್ಚು ತೆರುವವರು ಅವರೇ. ಸಂಘದ ಸದಸ್ಯತ್ವ ಅರ್ಜಿಯಾಗಲಿ, ನಗರಸೇವಕರ ಕರಪತ್ರವಾಗಲಿ ಅವರ ಷೆಡ್ಡನ್ನು ತಲುಪುವುದಿಲ್ಲ. ಪಾಲಿಕೆಯ ಕಾಗದಗಳು ಮರಾಠಿಯಲ್ಲಿರುತ್ತವೆ. ನಮ್ಮಲ್ಲಿ ಮರಾಠಿಯನ್ನು ಓದಬಲ್ಲವರು ಬೇಕಾದಷ್ಟು ಜನರಿದ್ದೇವೆ. ಕಾರ್ಯಕಾರಿ ಸಮಿತಿ ಒಪ್ಪುವುದಾದರೆ, ನಾಲ್ಕೈದು ಮಂದಿ ಸೇರಿ ಒಂದು ಕಟ್ಟಡದ ಷೆಡ್ಡುಗಳಿಂದ ಆರಂಭಿಸಿ ಅಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಯಾರು ಪರೀಕ್ಷಿಸುತ್ತಾರೆ, ಬೆಲೆ ಎಷ್ಟು ಎಂಬುದನ್ನು ಬರೆದುಕೊಂಡು ಬರೋಣ. ಆ ಮಾಹಿತಿಯನ್ನು ಆ ಪ್ರಭಾಗದ ನಗರಸೇವಕರ ಕೈಗೆ ಮರಾಠಿಯಲ್ಲೇ ಕೊಡೋಣ.