ಮನೆಯೋ ಕಚೇರಿಯೋ: ಎರಡು ಊರು, ಎರಡು ಉತ್ತರ

ನೀವು ಹುಟ್ಟಿದ ತಾರೀಖು ಸಮಸಂಖ್ಯೆಯೇ? ಹಾಗಾದರೆ ಮನೆಯಲ್ಲೇ ಕೂತು ಕೆಲಸ ಮಾಡಿ. ಬೆಸಸಂಖ್ಯೆಯೇ? ಎಂದಿನಂತೆ ಕಚೇರಿಗೆ ಬನ್ನಿ. 2010ರ ಕೊನೆಯಲ್ಲಿ ಚೀನಾದ ಶಾಂಘೈಯಲ್ಲಿ ಸಿಟ್ರಿಪ್ ಎಂಬ ಪ್ರವಾಸ ಕಂಪನಿ ತನ್ನ ಕಾಲ್ ಸೆಂಟರಿನ 249 ಮಂದಿಯನ್ನು ಹೀಗೆ ಎರಡು ಗುಂಪು ಮಾಡಿತು. ಇದರಲ್ಲಿ ಜ್ಯೋತಿಷ್ಯವೇನೂ ಇರಲಿಲ್ಲ. ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬರಾದ ಜೇಮ್ಸ್ ಲಿಯಾಂಗ್ ಆಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಅಲ್ಲಿನ ಅರ್ಥಶಾಸ್ತ್ರ ಪ್ರಾಧ್ಯಾಪಕ ನಿಕೋಲಸ್ ಬ್ಲೂಮ್ ಮತ್ತವರ ತಂಡದೊಂದಿಗೆ ಸೇರಿ ಈ ಪ್ರಯೋಗ ನಡೆಸಿದರು.

ಒಂಬತ್ತು ತಿಂಗಳ ಬಳಿಕ ನೋಡಿದರೆ, ಮನೆಯಲ್ಲಿದ್ದವರ ಕೆಲಸ ನೂರಕ್ಕೆ 13ರಷ್ಟು ಹೆಚ್ಚಿತ್ತು. ಅದರ ದೊಡ್ಡ ಪಾಲು ಬಂದದ್ದು ವೇಗದಿಂದಲ್ಲ. ನಡುನಡುವೆ ಎದ್ದು ಹೋಗುವುದು, ಕಾಯಿಲೆ ರಜೆ ಹಾಕುವುದು ಕಡಿಮೆಯಾದದ್ದರಿಂದ. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕಿಳಿಯಿತು. ಆದರೆ ಅಷ್ಟೇ ಚೆನ್ನಾಗಿ ದುಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಕ್ಕಿದ್ದು ಕಡಿಮೆ. ಕಣ್ಣೆದುರು ಇರುವವನೇ ಮೇಲಧಿಕಾರಿಗೆ ನೆನಪಾಗುವುದು! ಕೊನೆಗೆ, ಮನೆಯೋ ಕಚೇರಿಯೋ ನೀವೇ ಆರಿಸಿಕೊಳ್ಳಿ ಎಂದಾಗ, ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಚೇರಿಗೇ ಮರಳಿದರು. ಒಂಟಿತನ ಸಾಕಾಗಿತ್ತು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಇನ್ನು ಚೆನ್ನೈಗೆ ಬನ್ನಿ. ಡೇವಿಡ್ ಆಟ್ಕಿನ್, ಆಂಟನೆಟ್ ಶೋರ್ ಮತ್ತು ಸುಮಿತ್ ಶಿಂದೆ ಎಂಬ ಅರ್ಥಶಾಸ್ತ್ರಜ್ಞರು ಡೇಟಾ ಎಂಟ್ರಿ ಕೆಲಸಕ್ಕೆ ಜನರನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಕೆಲವರನ್ನು ಮನೆಗೆ, ಕೆಲವರನ್ನು ಕಚೇರಿಗೆ ಹಾಕಿದರು. 2023ರಲ್ಲಿ ಹೊರಬಂದ ಈ ಅಧ್ಯಯನದಲ್ಲಿ ಫಲಿತಾಂಶ ತಿರುಗುಮುರುಗು: ಮನೆಯಲ್ಲಿದ್ದವರ ಕೆಲಸ ನೂರಕ್ಕೆ 18ರಷ್ಟು ಕಡಿಮೆ.

ಯಾವುದು ಸರಿ? ಎರಡೂ ಸರಿ. ಶಾಂಘೈಯವರು ತಾವಾಗಿಯೇ ಮುಂದೆ ಬಂದವರು, ಆ ಕೆಲಸದಲ್ಲಿ ಆಗಲೇ ಆರು ತಿಂಗಳು ಪಳಗಿದವರು. ಮನೆಯಲ್ಲಿ ಪ್ರತ್ಯೇಕ ಕೋಣೆ ಇದ್ದರೆ ಮಾತ್ರ ಪ್ರಯೋಗಕ್ಕೆ ಪ್ರವೇಶ. ವಾರಕ್ಕೊಂದು ದಿನ ಕಚೇರಿಗೂ ಬರಬೇಕಿತ್ತು. ಚೆನ್ನೈಯವರು ಹೊಸಬರು, ಕಚೇರಿಯಲ್ಲಿ ಕೂತವರು ಬೇಗ ಬೇಗ ಕಲಿತರು, ಮನೆಯವರು ಹಿಂದೆ ಬಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚೆನ್ನೈ ಅಧ್ಯಯನದ ಇನ್ನೊಂದು ಅಂಶ. ನಿಮಗೆ ಯಾವುದು ಇಷ್ಟ ಎಂದು ಮೊದಲೇ ಕೇಳಿದ್ದರು. ಮನೆಯೇ ಬೇಕು ಎಂದವರು ಆರಂಭದ ಪರೀಕ್ಷೆಯಲ್ಲಿ ಉಳಿದವರಿಗಿಂತ ನೂರಕ್ಕೆ 12ರಷ್ಟು ಚುರುಕು. ಆದರೆ ಮನೆಯಲ್ಲಿ ಕೂರಿಸಿದಾಗ ಹೆಚ್ಚು ಸೊರಗಿದವರೂ ಅವರೇ: ತಮ್ಮಂಥವರೇ ಕಚೇರಿಯಲ್ಲಿ ಮಾಡಿದ್ದಕ್ಕಿಂತ ನೂರಕ್ಕೆ 27 ಕಡಿಮೆ. ಕಚೇರಿ ಬೇಕೆಂದವರಿಗೆ ಆದ ನಷ್ಟ ನೂರಕ್ಕೆ 13 ಮಾತ್ರ. ಯಾಕೆ ಹೀಗೆ? ಭಾಗಶಃ ಕಾರಣ ಇದು: ಮಕ್ಕಳನ್ನು ನೋಡಿಕೊಳ್ಳಬೇಕಾದವರು, ಮನೆಯ ಹೊಣೆ ಹೊತ್ತವರು, ಬಡ ಕುಟುಂಬದವರು ಮನೆ ಬೇಕೆಂದವರಲ್ಲಿದ್ದರು. ಇಂಥವರು ಮನೆ ಬೇಕು ಎಂದರೆ ಅದನ್ನು ಇಷ್ಟ ಎನ್ನಲಾದೀತೇ? ಬೇರೆ ದಾರಿ ಇರಲಿಲ್ಲ ಎನ್ನಬೇಕು.

ಇಷ್ಟಕ್ಕೂ ಅನಿವಾರ್ಯಕ್ಕೂ ಇರುವ ಈ ವ್ಯತ್ಯಾಸವನ್ನು ನೀತಿ ಬರೆಯುವವರು ಗಮನಿಸುವುದು ಅಪರೂಪ. ವಿಶೇಷ ಆರ್ಥಿಕ ವಲಯಗಳ ಕಂಪನಿಗಳಲ್ಲಿ ಅರ್ಧದಷ್ಟು ಸಿಬ್ಬಂದಿ ಮನೆಯಿಂದ ಕೆಲಸ ಮಾಡಬಹುದೆಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿತ್ತು. ಅದು ತಲೆ ಎಣಿಸುವ ಲೆಕ್ಕವಾಗಿತ್ತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಹೆಚ್ಚು ಯೋಚಿಸಿ ಮಾಡಿದ್ದಾಗಿತ್ತು. ಹೆರಿಗೆ ರಜೆ ಮುಗಿದ ಮೇಲೆ ಮಾಲೀಕರೊಂದಿಗೆ ಮಾತಾಡಿಕೊಂಡು ಮನೆಯಿಂದ ಕೆಲಸ ಮಾಡಲು ಅವಕಾಶ ಒಂದು ಕಡೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕೆಂಬ ಕಟ್ಟಳೆ ಇನ್ನೊಂದು ಕಡೆ. ಇವೆರಡರಲ್ಲಿ ಮಾಲೀಕರಿಗೆ ಅಗ್ಗವಾದದ್ದು ಯಾವುದೆಂದು ಹೇಳಬೇಕಾಗಿಲ್ಲ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿರುವಾಗ, ಗಾಜಿನ ಕಟ್ಟಡದ ಕಂಪನಿಗಳು ತಮ್ಮ ಪಾಲಿನ ಆ ಒಂದು ಕೋಣೆಯನ್ನು ಎಲ್ಲಿಟ್ಟಿವೆ ಎಂದು ಕೇಳುವುದು ತಪ್ಪಾಗಲಾರದು.